ಚಿಲ್ರೆ ಡಬ್ಬಿಯಲ್ಲಿ ಅಚ್ಚುತಪ್ಪು ನಾಣ್ಯ: ಹುಡುಕುವುದು, ಹೋಲಿಸಿ ನೋಡುವುದು, ಕಾಪಾಡುವುದು

ಗಂಗಾವತಿ ಕಡೆ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ "ಇದು ನಡಿಯಂಗಿಲ್ರಿ, ನೋಟ್ ಕೊಡ್ರಿ" ಅನ್ನುವವರು ಈಗಲೂ ಇದ್ದಾರೆ. ಹತ್ತು ರೂಪಾಯಿ ನಾಣ್ಯ 14 ಬೇರೆ ಬೇರೆ ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ನಡೆಯುತ್ತವೆ ಅಂತ ಆರ್‌ಬಿಐ 2018ರ ಜನವರಿಯಲ್ಲೇ ಹೇಳಿತು. ಆದರೂ ಜನರ ಅನುಮಾನ ಹೋಗಲಿಲ್ಲ. ಒಂದರ ಮೇಲೆ ರೂಪಾಯಿ ಚಿಹ್ನೆ ಇದೆ, ಇನ್ನೊಂದರ ಮೇಲೆ ಇಲ್ಲ, ಅಂದಮೇಲೆ ಎರಡರಲ್ಲಿ ಒಂದು ಖೋಟಾ ಇರಲೇಬೇಕು ಅನ್ನೋದು ಅವರ ಲೆಕ್ಕ.

ನಾನು ನಾಣ್ಯ ನೋಡಲು ಕೂತಿದ್ದು ಇದೇ ಕಾರಣಕ್ಕೆ. ನಮ್ಮ ಓಣಿಯ ಅಂಗಡಿಯ ಅಣ್ಣ ಡಬ್ಬಿಯಲ್ಲಿ ಹಾಕಿ ಮೂಲೆಗಿಟ್ಟಿದ್ದ ಹತ್ತು ರೂಪಾಯಿ ನಾಣ್ಯಗಳನ್ನೆಲ್ಲ ನೋಟು ಕೊಟ್ಟು ಮನೆಗೆ ತಂದೆ. ಟೇಬಲ್ ಮೇಲೆ ಸುರಿದು ಒಂದೊಂದೇ ವಿನ್ಯಾಸ ಬೇರೆ ಮಾಡುತ್ತಾ ಹೋದೆ. ಅರ್ಧ ಡಬ್ಬಿ ಮುಗಿಯುವ ಹೊತ್ತಿಗೆ ಒಂದು ನಾಣ್ಯ ಯಾವ ಗುಂಪಿಗೂ ಸೇರಲಿಲ್ಲ. ವಿನ್ಯಾಸ ಅದೇ, ವರ್ಷ ಅದೇ, ಆದರೆ ನಡುವಿನ ಬೆಳ್ಳಿ ಬಣ್ಣದ ಬಿಲ್ಲೆ ಒಂದು ಕಡೆಗೆ ಸರಿದು ಹಳದಿ ಉಂಗುರದ ಮೇಲೆ ಹತ್ತಿ ಕೂತಿತ್ತು. ಅದೇ ನನ್ನ ಮೊದಲ ಅಚ್ಚುತಪ್ಪು ನಾಣ್ಯ. ಎರರ್ ಕಾಯಿನ್ ಅಂತಾರಲ್ಲ, ಟಂಕಸಾಲೆಯಲ್ಲಿ ಮಾಡುವಾಗಲೇ ತಪ್ಪಾಗಿ ಬಂದದ್ದು, ಅದು.

ಆವತ್ತು ಗೊತ್ತಾದ ಒಂದೇ ಮಾತಿನ ಮೇಲೆ ಈ ಇಡೀ ಮಾರ್ಗದರ್ಶಿ ನಿಂತಿದೆ. ಸರಿಯಾದ ನಾಣ್ಯ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ತಪ್ಪು ನಾಣ್ಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬೇರೆ ಬೇರೆ ವಿನ್ಯಾಸ, ಬೇರೆ ಬೇರೆ ದೇಶದ ನಾಣ್ಯ ಪಕ್ಕಪಕ್ಕ ಇಟ್ಟು ನೋಡುವುದನ್ನೂ ತಪ್ಪು ಹುಡುಕುವುದನ್ನೂ ನಾನು ಒಟ್ಟಿಗೇ ಹೇಳಿಕೊಡುತ್ತಿದ್ದೇನೆ. ಎರಡಕ್ಕೂ ಬೇಕಾಗಿರುವುದು ಒಂದೇ ಕಣ್ಣು.

ಮೊದಲು ಸಾಮಾನು

ಜಾಸ್ತಿ ಖರ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಒಂದು, ಬಂಗಾರದ ಕೆಲಸದವರು ಕಣ್ಣಿಗೆ ಒತ್ತಿ ಹಿಡಿಯುತ್ತಾರಲ್ಲ, ಆ ಥರದ್ದು. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಅಡ್ಡಳತೆ ನೋಡಲು ಒಂದು ಕ್ಯಾಲಿಪರ್, ಪ್ಲಾಸ್ಟಿಕ್ಕಿನದ್ದೂ ನಡೆಯುತ್ತದೆ. ಒಂದು ಅಯಸ್ಕಾಂತ, ಹಳೆ ಸ್ಪೀಕರ್ ಒಡೆದರೆ ಸಿಗುತ್ತದೆ. ಟೇಬಲ್ ಲ್ಯಾಂಪ್. ಮೆತ್ತನೆಯ ಬಟ್ಟೆ, ಉಜ್ಜುವುದಕ್ಕಲ್ಲ, ನಾಣ್ಯ ಕೈಜಾರಿ ಬಿದ್ದರೆ ಪೆಟ್ಟಾಗದಿರಲಿ ಅಂತ ಕೆಳಗೆ ಹಾಸುವುದಕ್ಕೆ. ಮತ್ತೆ ಒಂದು ನೋಟ್‌ಬುಕ್.

ತಕ್ಕಡಿ ಮಾತ್ರ ಬಿಡಬೇಡಿ. ಕಣ್ಣು ಮೋಸ ಹೋದ ಕಡೆ ನನ್ನನ್ನು ತಕ್ಕಡಿ ಎಷ್ಟೋ ಸಲ ಕಾಪಾಡಿದೆ.

ಸರಿ ನಾಣ್ಯದ ಅಳತೆ ಬಾಯಿಪಾಠ ಮಾಡಿ

2011ರಲ್ಲಿ ರೂಪಾಯಿ ಚಿಹ್ನೆ ಹಾಕಿ ಬಂದ ಸಾಲಿನಲ್ಲಿ ಒಂದು ರೂಪಾಯಿ 3.79 ಗ್ರಾಂ, ಅಡ್ಡಳತೆ 21.93 ಮಿಲಿಮೀಟರ್. ಎರಡು ರೂಪಾಯಿ 4.85 ಗ್ರಾಂ, 25 ಮಿ.ಮೀ. ಐದು ರೂಪಾಯಿ 6 ಗ್ರಾಂ, 23 ಮಿ.ಮೀ. ಹತ್ತು ರೂಪಾಯಿ 7.71 ಗ್ರಾಂ, 27 ಮಿ.ಮೀ. 2019ರಲ್ಲಿ ತೆನೆಯ ಚಿತ್ರ ಹಾಕಿ ಹೊಸ ಸಾಲು ಬಂತು. ಅದರಲ್ಲಿ ಒಂದು ರೂಪಾಯಿ 3.09 ಗ್ರಾಂ, 20 ಮಿ.ಮೀ. ಎರಡು ರೂಪಾಯಿ 4.07 ಗ್ರಾಂ, 23 ಮಿ.ಮೀ. ಐದು ರೂಪಾಯಿ 6.74 ಗ್ರಾಂ, 25 ಮಿ.ಮೀ. ಹತ್ತು 7.74 ಗ್ರಾಂ, 27 ಮಿ.ಮೀ. ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ, ತೂಕ 8.54 ಗ್ರಾಂ.

ಈಗ ಇದನ್ನು ನೋಡಿ. 1992ರಿಂದ 2004ರವರೆಗೆ ಬಂದ ಹಳೆ ಸ್ಟೀಲ್ ಒಂದು ರೂಪಾಯಿಯೂ 25 ಮಿ.ಮೀ., 4.85 ಗ್ರಾಂ. ಅಂದರೆ 2011ರ ಎರಡು ರೂಪಾಯಿಯ ಅಳತೆಯೇ. ಇದು ಗೊತ್ತಿಲ್ಲದವರು ಹಳೆ ಒಂದು ರೂಪಾಯಿ ಹಿಡಿದುಕೊಂಡು "ಎರಡು ರೂಪಾಯಿ ಬಿಲ್ಲೆ ಮೇಲೆ ಒಂದು ರೂಪಾಯಿ ಅಚ್ಚು ಬಿದ್ದಿದೆ" ಅಂತ ಓಡಿ ಬರುತ್ತಾರೆ. ಹಾಗೇ ಐದು ರೂಪಾಯಿ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ ಅಂತ ಯಾರೋ ಹೇಳಿರುತ್ತಾರೆ. ಆದರೆ 2007ರಲ್ಲಿ ಅಲೆಯ ಗೆರೆಗಳಿರುವ ಸ್ಟೀಲ್ ಐದು ರೂಪಾಯಿಯೇ ಬಂದಿತ್ತು, ಅದು ಅಂಟುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ವರ್ಷದ ಕೆಳಗಿನ ಸಣ್ಣ ಗುರುತನ್ನೂ ಇಲ್ಲೇ ಕಲಿತುಬಿಡಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯ ಚಿಲ್ರೆಯಲ್ಲಿ ನನಗೆ ನಕ್ಷತ್ರವೇ ಜಾಸ್ತಿ ಸಿಗುತ್ತದೆ, ಹೈದರಾಬಾದ್ ಹತ್ತಿರ ಅಲ್ವಾ. ಹೊರದೇಶದಲ್ಲಿ ಮಾಡಿಸಿ ತಂದವೂ ಇವೆ. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಕಂಡರೆ ಬರ್ಮಿಂಗ್‌ಹ್ಯಾಮ್‌ದು, 1988ರ 25 ಪೈಸೆಯಲ್ಲಿ ಸಿ ಅಕ್ಷರ ಕಂಡರೆ ಕೆನಡಾದ ಒಟ್ಟಾವಾದು. ಇವೆಲ್ಲ ಸಂಗ್ರಹಕ್ಕೆ ಚೆನ್ನ, ಆದರೆ ತಪ್ಪಲ್ಲ.

ನಾಣ್ಯ ಹುಟ್ಟುವ ಬಗೆ

ಇಲ್ಲಿ ಸ್ವಲ್ಪ ನಿಧಾನ ಓದಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಲೋಹದ ಉದ್ದನೆ ಪಟ್ಟಿಯನ್ನು ಯಂತ್ರದೊಳಗೆ ಬಿಡುತ್ತಾರೆ. ಯಂತ್ರ ರೊಟ್ಟಿ ಹಿಟ್ಟಿನಲ್ಲಿ ಬಟ್ಟಲು ಒತ್ತಿದ ಹಾಗೆ ದುಂಡನೆ ಬಿಲ್ಲೆಗಳನ್ನು ಕತ್ತರಿಸುತ್ತದೆ. ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡುತ್ತಾರೆ. ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಬಿಗಿಯಾಗಿ ಹಿಡಿಯುವ ಉಕ್ಕಿನ ಬಳೆ, ಅದಕ್ಕೆ ಕಾಲರ್ ಅಂತಾರೆ. ಒಂದೇ ಏಟು. ಎರಡೂ ಮುಖ, ಅಂಚು, ಎಲ್ಲ ಒಟ್ಟಿಗೆ ಮೂಡುತ್ತದೆ.

ತಪ್ಪು ಆಗುವುದು ಈ ಮೂರು ಕಡೆ: ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಏಟಿನಲ್ಲಿ. ಕೈಯಲ್ಲಿರುವ ನಾಣ್ಯದ ತಪ್ಪು ಈ ಮೂರರಲ್ಲಿ ಎಲ್ಲಿ ಆಗಿದೆ ಅಂತ ಹೇಳಲು ಬಂದರೆ ಅದು ಅಚ್ಚುತಪ್ಪು. ಹೇಳಲು ಬರದಿದ್ದರೆ ಅದು ಟಂಕಸಾಲೆಯಿಂದ ಹೊರಗೆ ಬಂದ ಮೇಲೆ ತಿಂದ ಪೆಟ್ಟು ಅಂತಲೇ ಇಟ್ಟುಕೊಳ್ಳಿ.

ಬಿಲ್ಲೆಯ ತಪ್ಪಿಗೆ ನನ್ನ ಹತ್ತಿರದ್ದೇ ಒಂದು ಉದಾಹರಣೆ. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಚಿಲ್ರೆ ಇಸಕೊಂಡಾಗ ಒಂದು ರೂಪಾಯಿ ನಾಣ್ಯ ಬಂತು. ಅಂಚಿನಲ್ಲಿ ಬಿಸ್ಕತ್ತು ಕಚ್ಚಿದ ಹಾಗೆ ಅರ್ಧಚಂದ್ರ ಕಾಣೆಯಾಗಿತ್ತು. ಯಾರೋ ಕತ್ತರಿಸಿದ್ದು ಅನ್ನಿಸಿತು. ಮನೆಗೆ ತಂದು ತೂಗಿದೆ, 3.79 ಇರಬೇಕಾದದ್ದು 3.52 ಇತ್ತು. ತೂಕ ಕಡಿಮೆ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಕತ್ತರಿಸಿದರೂ ಕಡಿಮೆಯಾಗುತ್ತದೆ. ಭೂತಗನ್ನಡಿ ಹಿಡಿದು ಕಚ್ಚಿದ ಜಾಗದ ಪಕ್ಕ ನೋಡಿದೆ. ಅಲ್ಲಿನ ಅಕ್ಷರ ತುಂಡಾಗಿರಲಿಲ್ಲ, ಆ ಖಾಲಿ ಜಾಗದ ಕಡೆಗೆ ಎಳೆದ ಹಾಗೆ ತೆಳ್ಳಗೆ ಹರಡಿಕೊಂಡಿತ್ತು. ಆಮೇಲೆ ನಾಣ್ಯ ತಿರುಗಿಸಿ ಕಚ್ಚಿದ ಜಾಗದ ಸರಿ ಎದುರಿನ ಅಂಚು ನೋಡಿದೆ. ಅಲ್ಲಿ ಅಂಚಿನ ಏರು ಸವೆದು ಹೋದ ಹಾಗೆ ಮಂಕಾಗಿತ್ತು. ಅಂಚು ಎತ್ತರಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ, ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಬೀಳುವುದಿಲ್ಲ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅಂತಾರೆ. ಕಟಿಂಗ್ ಪ್ಲೇಯರ್ ಹಿಡಿದು ಎಷ್ಟೇ ಚೆನ್ನಾಗಿ ಕತ್ತರಿಸಲಿ, ಎದುರಿನ ಅಂಚಿನಲ್ಲಿ ಆ ಮಂಕು ತರಲು ಆಗುವುದಿಲ್ಲ. ಕೆಲವು ಅಸಲಿ ನಾಣ್ಯಗಳಲ್ಲಿ ಈ ಗುರುತು ತುಂಬ ಕಮ್ಮಿ ಇರುತ್ತದೆ, ಆಗ ಅಕ್ಷರದ ಹರಿವನ್ನೇ ನಂಬಬೇಕು. ನನ್ನದರಲ್ಲಿ ಎರಡೂ ಇತ್ತು. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಆಗಲೇ ಬಿದ್ದ ತೂತಿನ ಮೇಲೆ ಇನ್ನೊಮ್ಮೆ ಕತ್ತರಿ ಬಿದ್ದಾಗ ಹೀಗಾಗುತ್ತದೆ.

ಒಂದು ನಾಣ್ಯಕ್ಕೆ ಮಾಡಿದ ಬಿಲ್ಲೆ ಇನ್ನೊಂದರ ಅಚ್ಚಿಗೆ ಹೋಗುವುದೂ ಬಿಲ್ಲೆಯ ತಪ್ಪೇ. ಅಮೆರಿಕದಲ್ಲಿ 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕು ಅಂತ ಒಂದು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆದರು. ಹಿಂದಿನ ವರ್ಷದ ಕಂಚಿನ ಬಿಲ್ಲೆ ಅಲ್ಲಲ್ಲಿ ಉಳಿದುಕೊಂಡು ಅವುಗಳ ಮೇಲೂ 1943ರ ಅಚ್ಚು ಬಿತ್ತು. ಅಂಥವು ಕೈಬೆರಳೆಣಿಕೆಯಷ್ಟು. ಜನ ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿ ಮಾರಲು ಶುರು ಮಾಡಿದರು, ಅದನ್ನು ಹಿಡಿಯುವ ಮೊದಲ ಪರೀಕ್ಷೆ ಅಯಸ್ಕಾಂತವೇ. ಉಕ್ಕು ಅಂಟುತ್ತದೆ, ಕಂಚು ಅಂಟುವುದಿಲ್ಲ.

ಅಚ್ಚಿನ ತಪ್ಪು ಒಂದೇ ನಾಣ್ಯಕ್ಕೆ ನಿಲ್ಲುವುದಿಲ್ಲ. ಅಚ್ಚು ಬದಲಾಯಿಸುವವರೆಗೆ ಬಂದ ಎಲ್ಲ ನಾಣ್ಯದಲ್ಲೂ ಅದೇ ತಪ್ಪು ಮರುಕಳಿಸುತ್ತದೆ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ಉಬ್ಬಿದ ಅನ್ನುವುದನ್ನು ನೆನಪಿಡಿ, ತಗ್ಗಾಗಿದ್ದರೆ ಅದು ಗೀಚು. ಅಚ್ಚಿನ ಅಂಚೇ ಮುರಿದು ಬಿದ್ದರೆ ನಾಣ್ಯದ ಅಂಚಿಗೆ ಲೋಹದ ಗಡ್ಡೆ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚು ಒಂದಕ್ಕೊಂದು ಬಡಿದರೆ ಒಂದು ಮುಖದ ಚಿತ್ರದ ನೆರಳು ಇನ್ನೊಂದು ಮುಖದಲ್ಲಿ, ಸಂಖ್ಯೆಯ ಹಿಂದೆ ಸಿಂಹದ ಬೆನ್ನಿನ ಗೆರೆ ಕಂಡ ಹಾಗೆ. ಅಚ್ಚಿನಲ್ಲಿ ಗ್ರೀಸ್ ತುಂಬಿಕೊಂಡರೆ ಅಕ್ಷರ ಮೂಡುವುದಿಲ್ಲ. ಸಿಂಹದ ಕೆಳಗಿನ "ಸತ್ಯಮೇವ ಜಯತೇ" ಅರ್ಧಂಬರ್ಧ ಇರುವ ನಾಣ್ಯ ನಿಮ್ಮ ಜೇಬಿನಲ್ಲೇ ಇರಬಹುದು, ತುಂಬ ಮಾಮೂಲಿ, ಕಲಿಯಲಿಕ್ಕೆ ಒಂದೆರಡು ಇಟ್ಟುಕೊಂಡರೆ ಸಾಕು.

ಅಮೆರಿಕದ ಎಮ್ಮೆ ಚಿತ್ರದ ಐದು ಸೆಂಟಿನ ಕಥೆ ನನಗೆ ತುಂಬ ಇಷ್ಟ. ನಾವು ಎಮ್ಮೆ ಅನ್ನುತ್ತೇವೆ, ಅದು ಅಲ್ಲಿನ ಕಾಡುಕೋಣ. 1937ರಲ್ಲಿ ಡೆನ್ವರ್ ಟಂಕಸಾಲೆಯಲ್ಲಿ ಅಚ್ಚನ್ನು ಜಾಸ್ತಿ ಉಜ್ಜಿ ಪಾಲಿಶ್ ಮಾಡಿದ್ದಕ್ಕೆ ಪ್ರಾಣಿಯ ಮುಂಗಾಲು ಒಂದು ಅಳಿಸಿಹೋಯಿತು. ಮೂರು ಕಾಲಿನ ಕೋಣ ಅಂತಲೇ ಅದಕ್ಕೆ ಹೆಸರು. ಚಿಲಿ ದೇಶದ 2008ರ 50 ಪೆಸೊ ನಾಣ್ಯದಲ್ಲಿ ದೇಶದ ಹೆಸರಿನ ಎಲ್ ಅಕ್ಷರದ ಜಾಗದಲ್ಲಿ ಐ ಬಂದುಬಿಟ್ಟಿತು. ಬ್ರಿಟನ್ನಿನದು ಇನ್ನೂ ಚೆನ್ನಾಗಿದೆ. 2008ರಲ್ಲಿ 20 ಪೆನ್ಸ್ ವಿನ್ಯಾಸ ಬದಲಾಗಿ, ಹಿಂದೆ ಇದ್ದ ವರ್ಷವನ್ನು ರಾಣಿಯ ಮುಖದ ಕಡೆಗೆ ತಂದರು. ಒಂದಷ್ಟು ನಾಣ್ಯಕ್ಕೆ ಹಿಂದೆ ಹೊಸ ಅಚ್ಚು, ಮುಂದೆ ಹಳೆ ಅಚ್ಚು ಬಿತ್ತು. ಎರಡೂ ಕಡೆ ವರ್ಷವೇ ಇಲ್ಲ! ಹೀಗೆ ಜೋಡಿಯಲ್ಲದ ಎರಡು ಅಚ್ಚು ಸೇರಿದ್ದಕ್ಕೆ ಮ್ಯೂಲ್ ಅಂತಾರೆ, ಹೇಸರಗತ್ತೆ. ಹಳೆ ವಿನ್ಯಾಸ ಯಾವುದು, ಹೊಸ ವಿನ್ಯಾಸ ಯಾವುದು ಅಂತ ಗೊತ್ತಿದ್ದವರಿಗೆ ಮಾತ್ರ ಇದು ಕಾಣುತ್ತದೆ.

ಏಟಿನ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಬಿಲ್ಲೆ ಸರಿದು ಕೂತಿದ್ದರೆ ಚಿತ್ರ ಅರ್ಧ ಬಿದ್ದು ಉಳಿದದ್ದು ಬೋಳು. ಕಾಲರ್ ಹಿಡಿಯದಿದ್ದರೆ ನಾಣ್ಯ ಅಗಲವಾಗಿ ತೆಳ್ಳಗೆ ಹರಡುತ್ತದೆ, ಅಡ್ಡಳತೆ ಜಾಸ್ತಿ, ತೂಕ ಮಾತ್ರ ಸರಿಯಾಗಿರುತ್ತದೆ. ಎರಡು ಏಟು ಬಿದ್ದರೆ ಚಿತ್ರ ಎರಡು. ಇವೆಲ್ಲಕ್ಕಿಂತ ಜನ ಬಾಯಿ ಬಿಡುವುದು ಲಖಿ ನಾಣ್ಯಕ್ಕೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಬೀಳದೆ ಉಳಿಯುತ್ತದೆ, ಮುಂದಿನ ಬಿಲ್ಲೆ ಅದಕ್ಕೇ ಒತ್ತಿಕೊಳ್ಳುತ್ತದೆ. ಆಗ ಒಂದು ಕಡೆ ಉಬ್ಬಿದ ಸಿಂಹ, ಇನ್ನೊಂದು ಕಡೆ ಅದೇ ಸಿಂಹ ತಗ್ಗಾಗಿ, ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ.

ಖೋಟಾ ತಪ್ಪು ಹಿಡಿಯುವುದು

ಲಖಿಯನ್ನು ಮನೆಯಲ್ಲೂ ಮಾಡುತ್ತಾರೆ. ಎರಡು ನಾಣ್ಯ ಜೋಡಿಸಿ ಬೆಂಚ್ ವೈಸಿನಲ್ಲಿ ಒತ್ತುತ್ತಾರೆ. ಭೂತಗನ್ನಡಿಯಲ್ಲಿ ನೋಡಿ: ಉಲ್ಟಾ ತಗ್ಗುಚಿತ್ರದ ಅಡಿಯಲ್ಲಿ ಆ ಮುಖದ ಮೊದಲಿನ ಚಿತ್ರ ಚಪ್ಪಟೆಯಾಗಿ ಉಳಿದಿದ್ದರೆ ಅದು ಒತ್ತಿದ್ದು. ಅಸಲಿಯಲ್ಲಿ ಅಡಿಯಲ್ಲಿ ಇನ್ನೊಂದು ಚಿತ್ರ ಇರುವುದಿಲ್ಲ, ಬಿಲ್ಲೆ ಆಗ ಬೋಳಾಗಿತ್ತಲ್ಲ.

ನಮ್ಮ ಬಳ್ಳಾರಿ ಕಡೆ ಇನ್ನೊಂದಿದೆ. ಅದಿರು ತುಂಬಿದ ಗೂಡ್ಸ್ ಗಾಡಿ ಬರುವ ಹೊತ್ತಿಗೆ ಹುಡುಗರು ಹಳಿ ಮೇಲೆ ನಾಣ್ಯ ಇಡುತ್ತಾರೆ. ಹರಡಿ, ಉದ್ದವಾಗಿ, ಮಸುಕಾಗಿ ಬರುತ್ತದೆ. ಅದನ್ನೇ ಯಾರೋ "ಮಿಂಟ್ ಎರರ್" ಅಂತ ಸಂತೆಯಲ್ಲಿ ತೋರಿಸಿದ್ದನ್ನು ನೋಡಿದ್ದೇನೆ. ಕಾಲರ್ ತಪ್ಪಿ ಹರಡಿದ ನಾಣ್ಯ ದುಂಡಾಗಿಯೇ ಹರಡುತ್ತದೆ, ಚಿತ್ರ ಚೂಪಾಗಿರುತ್ತದೆ. ಗಾಲಿಗೆ ಸಿಕ್ಕಿದ್ದು ಒಂದೇ ದಿಕ್ಕಿಗೆ ಎಳೆದಿರುತ್ತದೆ, ಚಿತ್ರ ಸತ್ತಿರುತ್ತದೆ. ಹಳಿ ಮೇಲೆ ನಾಣ್ಯ ಇಡುವುದು ಜೀವಕ್ಕೇ ಅಪಾಯ, ನಾಣ್ಯ ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ ಕೂಡ. ಮಕ್ಕಳಿಗೆ ದಯವಿಟ್ಟು ಹೇಳಿ.

ನಾನು ಮೋಸ ಹೋಗಿದ್ದು ನಡು ಇಲ್ಲದ ಹತ್ತು ರೂಪಾಯಿಯಲ್ಲಿ. ಜಾತ್ರೆಯ ಒಂದು ಅಂಗಡಿಯಲ್ಲಿ ಹಳದಿ ಉಂಗುರ ಮಾತ್ರ ಇತ್ತು, 400 ರೂಪಾಯಿ ಕೊಟ್ಟೆ. ಮನೆಗೆ ಬಂದು ನೋಡಿದರೆ ತೂತಿನ ಒಳಗೋಡೆಯಲ್ಲಿ ಕೆರೆದ ಗುರುತು, ಬಿಲ್ಲೆ ಹಿಡಿದಿದ್ದ ಕಚ್ಚು ಹಾಗೇ ಇದೆ. ಉಂಗುರದ ಮೇಲಿನ ಚಿತ್ರ ತೂತಿನ ಬಾಯಿಗೆ ಗೆರೆ ಎಳೆದ ಹಾಗೆ ನೀಟಾಗಿ ನಿಂತಿತ್ತು. ಅಂದರೆ ಪೂರ್ತಿ ನಾಣ್ಯ ಹೊಡೆದಾದ ಮೇಲೆ ನಡುವಿನದನ್ನು ತಟ್ಟಿ ತೆಗೆದಿದ್ದಾರೆ. ನಡು ಇಲ್ಲದೆಯೇ ಏಟು ಬಿದ್ದಿದ್ದರೆ ತಡೆಯುವವರಿಲ್ಲದೆ ಲೋಹ ತೂತಿನ ಕಡೆಗೆ ಒಳಗೆ ಹರಿದಿರುತ್ತಿತ್ತು. ಇದು ನನಗೆ ಅಂಗಡಿಯಲ್ಲೇ ಗೊತ್ತಿರಬೇಕಿತ್ತು. ಆವತ್ತಿನಿಂದ ಭೂತಗನ್ನಡಿ ಜೇಬಿನಲ್ಲೇ ಇರುತ್ತದೆ.

ಎರಡೆರಡಾಗಿ ಕಾಣುವ ಅಕ್ಷರದ ಬಗ್ಗೆಯೂ ಎಚ್ಚರ. ಅಮೆರಿಕದ 1955ರ ಒಂದು ಸೆಂಟಿನಲ್ಲಿ ವರ್ಷ, ಅಕ್ಷರ ಎಲ್ಲ ಜೋಡಿಯಾಗಿ ಮೂಡಿದೆ, ಅಲ್ಲಿ ಅಚ್ಚನ್ನೇ ತಯಾರಿಸುವಾಗ ಎರಡನೇ ಸಲ ಒತ್ತಿದ್ದು ಸರಿದಿತ್ತು. ಅಂಥದರಲ್ಲಿ ಎರಡು ಅಕ್ಷರವೂ ದುಂಡಗೆ ತುಂಬಿಕೊಂಡಿರುತ್ತವೆ. ನಮ್ಮ ಚಿಲ್ರೆಯಲ್ಲಿ ಸಿಗುವುದು ಹೆಚ್ಚಾಗಿ ಏಟು ಬಿದ್ದ ಕ್ಷಣಕ್ಕೆ ಅಚ್ಚು ಅಲುಗಾಡಿದ್ದು. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನ ಥರ ಇರುತ್ತದೆ. ಅದಕ್ಕೆ ಬೆಲೆ ಇಲ್ಲ.

ತಿರುಗಿಸಿ ನೋಡುವ ಪರೀಕ್ಷೆ

ಇದು ಎಲ್ಲಕ್ಕಿಂತ ಸುಲಭ, ಬಸ್ಸಿನಲ್ಲಿ ಕೂತೂ ಮಾಡಬಹುದು. ಸಿಂಹ ನೆಟ್ಟಗೆ ನಿಂತ ಹಾಗೆ ನಾಣ್ಯದ ತಲೆ ಮತ್ತು ಬುಡವನ್ನು ಎರಡು ಬೆರಳಲ್ಲಿ ಹಿಡಿಯಿರಿ. ಪುಸ್ತಕದ ಹಾಳೆ ಮಗುಚಿದ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿ. ಈಗ ಓಡಾಡುವ ನಮ್ಮ ನಾಣ್ಯದಲ್ಲಿ ಹಿಂದಿನ ಚಿತ್ರವೂ ನೆಟ್ಟಗಿರಬೇಕು. ಸ್ವಲ್ಪ ವಾಲಿದ್ದರೆ ಬಿಡಿ, ಗಡಿಯಾರದ ಮುಳ್ಳು ಹನ್ನೆರಡರಿಂದ ಎರಡಕ್ಕೆ ಹೋದಷ್ಟು ಅಥವಾ ಇನ್ನೂ ಜಾಸ್ತಿ ತಿರುಗಿದ್ದರೆ ಎತ್ತಿಡಿ.

ಈಗ ಅಮೆರಿಕದ ನಾಣ್ಯವೊಂದನ್ನು ಹೀಗೇ ತಿರುಗಿಸಿ. ಹಿಂದಿನ ಚಿತ್ರ ತಲೆಕೆಳಗು! ಅದು ತಪ್ಪಲ್ಲ, ಅವರ ಪದ್ಧತಿಯೇ ಹಾಗೆ. ಬ್ರಿಟನ್ನಿನದು, ಯೂರೋದು ನಮ್ಮ ಥರವೇ ನೆಟ್ಟಗೆ. ಮಗ ಅಮೆರಿಕದಿಂದ ತಂದ ಕ್ವಾರ್ಟರ್ ಹಿಡಿದು "180 ಡಿಗ್ರಿ ಎರರ್" ಅಂತ ಖುಷಿಪಟ್ಟ ಹಿರಿಯರೊಬ್ಬರಿಗೆ ಇದನ್ನು ಹೇಳಬೇಕಾಗಿ ಬಂದಾಗ ನನಗೂ ಬೇಜಾರಾಯಿತು.

ಬೇರೆ ದೇಶದ ನಾಣ್ಯದ ಜೊತೆ ಇಟ್ಟು ನೋಡುವುದು

ಹೊರದೇಶದ ನಾಣ್ಯಕ್ಕೆ ದುಡ್ಡು ಸುರಿಯಬೇಕಿಲ್ಲ. ನಮ್ಮಲ್ಲಿ ಮನೆಗೊಬ್ಬರು ದುಬೈ, ಸೌದಿ ಕಡೆ ದುಡಿಯಲು ಹೋದವರಿದ್ದಾರೆ, ಹಜ್ ಮುಗಿಸಿ ಬಂದವರಿದ್ದಾರೆ. ಹಂಪಿ, ಆನೆಗೊಂದಿಗೆ ಬರುವ ಹೊರದೇಶದವರಿಂದ ಅಲ್ಲಿನ ಅಂಗಡಿಯವರ ಡ್ರಾಯರಿನಲ್ಲಿ ಒಂದೆರಡು ಸೆಂಟು, ಯೆನ್ನು ಉಳಿದಿರುತ್ತವೆ. ಕೇಳಿ, ಕೊಡುತ್ತಾರೆ.

ದೇಶದ ಹೆಸರಿನ ಪ್ರಕಾರ ಜೋಡಿಸಬೇಡಿ, ಅದರಿಂದ ಕಣ್ಣು ಪಳಗುವುದಿಲ್ಲ. ಒಂದು ವಿಷಯ ಹಿಡಿದು ಜೋಡಿಸಿ. ನಾನು ಮೊದಲು ತೆನೆ ಹಿಡಿದೆ, ಭತ್ತದ ಊರಿನವನು ನಾನು. 1950ರ ನಮ್ಮ ಒಂದು ರೂಪಾಯಿಯಲ್ಲಿ ಎರಡು ತೆನೆ, ಅಮೆರಿಕದ 1909ರಿಂದ 1958ರವರೆಗಿನ ಲಿಂಕನ್ ಸೆಂಟಿನ ಹಿಂದೆ ಎರಡು ಗೋಧಿ ತೆನೆ, ಜಪಾನಿನ 5 ಯೆನ್ನಿನಲ್ಲಿ ಬಾಗಿದ ಭತ್ತದ ತೆನೆ, ಆಮೇಲೆ ನಮ್ಮ 2019ರ ಸಾಲು. ನಾಲ್ಕನ್ನೂ ಒಂದೇ ಸಾಲಿನಲ್ಲಿಟ್ಟರೆ ಜಪಾನಿನವರ ಕೈಚಳಕ ಗೊತ್ತಾಗುತ್ತದೆ. ತೆನೆ ಬೇಸಾಯಕ್ಕೆ, ಕೆಳಗಿನ ಗೆರೆಗಳು ನೀರಿಗೆ, ನಡುವಿನ ತೂತಿನ ಸುತ್ತ ಕಾರ್ಖಾನೆಯ ಹಲ್ಲುಗಾಲಿ. ಬೆಲೆಯನ್ನು ಅವರ ಲಿಪಿಯಲ್ಲಿ ಮಾತ್ರ ಬರೆದಿದ್ದಾರೆ. ನನ್ನ ಮಟ್ಟಿಗೆ ಇಷ್ಟು ಸಣ್ಣ ಜಾಗದಲ್ಲಿ ಇಷ್ಟನ್ನು ಹೇಳಿದ ನಾಣ್ಯ ಇನ್ನೊಂದಿಲ್ಲ.

ತೂತು ಅಂದರೆ ನಮ್ಮಲ್ಲೂ ಇತ್ತು. 1943ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರ ತೂತಿನ ಕಾಸು ತಂದಿತು. ಅದನ್ನೂ 5 ಯೆನ್ನನ್ನೂ ಜೊತೆಗಿಟ್ಟು ತೂತು ನಡುಮಧ್ಯಕ್ಕೆ ಇದೆಯಾ ಅಳೆಯಿರಿ. ತೂತು ಸರಿದದ್ದು, ತೂತೇ ಬೀಳದ್ದು ಜಪಾನಿನ ಸಂಗ್ರಾಹಕರು ಹುಡುಕುವ ತಪ್ಪು.

ಆಕಾರ ಹಿಡಿದು ನೋಡಿದರೆ ಬ್ರಿಟನ್ನಿನ 50 ಪೆನ್ಸ್ 1969ರಿಂದ ಏಳು ಮೂಲೆಯದು, ಯುಎಇಯ 50 ಫಿಲ್ಸ್ ಕೂಡ ಏಳು. 50 ಪೆನ್ಸಿನ ಬದಿಗಳು ನೇರ ಅಲ್ಲ, ಸ್ವಲ್ಪ ಉಬ್ಬಿವೆ. ಹೇಗೆ ತಿರುಗಿಸಿ ಅಳೆದರೂ ಅಗಲ ಒಂದೇ ಬರುತ್ತದೆ, ಅದಕ್ಕೇ ಯಂತ್ರದ ಕಿಂಡಿಯಲ್ಲಿ ಉರುಳುತ್ತದೆ. ಕ್ಯಾಲಿಪರ್ ಹಿಡಿದು ನೀವೇ ಅಳೆದು ನೋಡಿ. ನಮ್ಮ 1992ರಿಂದ 2004ರವರೆಗಿನ ಎರಡು ರೂಪಾಯಿ ಹನ್ನೊಂದು ಮೂಲೆಯದು, ಅಲ್ಯೂಮಿನಿಯಂ 20 ಪೈಸೆ ಆರು ಮೂಲೆ, 5 ಪೈಸೆ ಚೌಕ. ಎರಡು ಲೋಹ ಹಿಡಿದರೆ ನಮ್ಮ ಹತ್ತು ರೂಪಾಯಿ 1 ಯೂರೋ ಥರ, ಹೊರಗೆ ಹಳದಿ ಒಳಗೆ ಬಿಳಿ. ಇಪ್ಪತ್ತು ರೂಪಾಯಿ 2 ಯೂರೋ ಥರ, ಹೊರಗೆ ಬಿಳಿ ಒಳಗೆ ಹಳದಿ.

ವರ್ಷ ಓದುವುದಕ್ಕೆ ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. ಥಾಯ್ಲೆಂಡಿನ ವರ್ಷದಲ್ಲಿ 543 ಕಳೆಯಿರಿ. ನೇಪಾಳದ್ದರಲ್ಲಿ 57. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರ ಬರುತ್ತದೆ. 1362 ಅಂತಿದ್ದರೆ 1943.

ಈ ಹಿಜರಿ ಲೆಕ್ಕ ನಮಗೆ ಹೊರದೇಶಕ್ಕಿಂತ ಮನೆಯ ನಾಣ್ಯಕ್ಕೇ ಜಾಸ್ತಿ ಬೇಕು. ತುಂಗಭದ್ರೆಯ ಈ ಕಡೆ ರಾಯಚೂರು, ಕೊಪ್ಪಳ ನಿಜಾಮರ ಸೀಮೆ. ಆ ಕಡೆ ಬಳ್ಳಾರಿ ಮದ್ರಾಸ್ ಪ್ರಾಂತ್ಯ. ನಮ್ಮ ಅಜ್ಜಿ ಎರಡೂ ಕಡೆಯ ನಾಣ್ಯವನ್ನು ಹಾಲಿ ಸಿಕ್ಕಾ, ಕಲ್ದಾರ್ ಅಂತ ಬೇರೆ ಮಾಡಿ ಹೇಳುತ್ತಿದ್ದರು. ಹಾಲಿ ಸಿಕ್ಕಾ ನಿಜಾಮರದು, ಕಲ್ದಾರ್ ಬ್ರಿಟಿಷರದು, ಏಳು ಸಿಕ್ಕಾಕ್ಕೆ ಆರು ಕಲ್ದಾರ್. ನಾಣ್ಯದ ವಿನ್ಯಾಸ ಹೋಲಿಸುವುದನ್ನು ನಮ್ಮ ಹಿರಿಯರು ಹೊಳೆ ದಾಟಿ ಸಂತೆಗೆ ಹೋದಾಗಲೆಲ್ಲ ಮಾಡಿದ್ದಾರೆ. ಕಲ್ದಾರಿನಲ್ಲಿ ರಾಜನ ಮುಖ. ಸಿಕ್ಕಾದಲ್ಲಿ ಮುಖವಿಲ್ಲ, ಚಾರ್ಮಿನಾರ್. ಅದರ ಬಾಗಿಲ ನಡುವೆ ಒಂದು ಅಕ್ಷರ ಇರುತ್ತದೆ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ನಾಣ್ಯವಾದರೆ ಅದು ಉಸ್ಮಾನ್ ಹೆಸರಿನ ಮೊದಲ ಅಕ್ಷರ ಐನ್. ಭೂತಗನ್ನಡಿಯಲ್ಲಿ ಆ ಬಾಗಿಲು ನೋಡಿ, ಸಣ್ಣ ಜಾಗದಲ್ಲಿ ಎಷ್ಟು ಅಚ್ಚುಕಟ್ಟು.

ಸಿಂಹದ ಬಗ್ಗೆಯೂ ಒಂದು ಮಾತು. 1950ರಿಂದ ನಮ್ಮ ನಾಣ್ಯದ ಮೇಲಿರುವುದು ಸಾರನಾಥದ ಅಶೋಕನ ಸಿಂಹ. ಅಶೋಕ ಅನ್ನುವ ಹೆಸರೇ ಕಲ್ಲಿನಲ್ಲಿ ಬರೆದಿರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರಿನ ಮಸ್ಕಿಯಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಒಂದು ರೂಪಾಯಿ ಕೈಯಲ್ಲಿ ಹಿಡಿದು ಮಸ್ಕಿ ಗುಡ್ಡ ಹತ್ತಿ ನೋಡಿ ಬನ್ನಿ ಅಂತ ಹುಡುಗರಿಗೆ ನಾನು ಹೇಳುತ್ತಿರುತ್ತೇನೆ.

ವಿಜಯನಗರದ ವರಹ, ತಾಮ್ರದ ದುಡ್ಡು ನೋಡುವಾಗ ಒಂದು ಎಚ್ಚರ. ಅವು ಕೈಯಲ್ಲಿ ಸುತ್ತಿಗೆಯಿಂದ ಹೊಡೆದವು. ಚಿತ್ರ ಸರಿದಿರುವುದು, ಅಕ್ಷರ ಅಂಚಿನಾಚೆ ಹೋಗಿರುವುದು ಅಲ್ಲಿ ಸಹಜ. ಅಚ್ಯುತರಾಯರ ಗಂಡಭೇರುಂಡದ ಒಂದು ತಲೆ ಅರ್ಧ ಇದ್ದರೆ ಅದನ್ನು ಎರರ್ ಅನ್ನಬೇಡಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಇಂಥವು ಸಿಕ್ಕರೆ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. 1878ರ ನಿಧಿ ಕಾಯ್ದೆ ಇನ್ನೂ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶದ ಗೆಳೆಯರಿಗೆ ಕಳಿಸಲೂಬೇಡಿ, 1972ರ ಪುರಾವಸ್ತು ಕಾಯ್ದೆ ಬಿಡುವುದಿಲ್ಲ.

ಕಾಪಾಡುವುದು

ತೊಳೆಯಬೇಡಿ. ಉಜ್ಜಬೇಡಿ. ಅಜ್ಜಿ ಕೊಟ್ಟ ಚಾರ್ಮಿನಾರ್ ರೂಪಾಯಿಯನ್ನು ನಾನು ಎಂಟನೇ ಕ್ಲಾಸಿನಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹೊಳೆಯಿತು. ಬಾಗಿಲಿನ ಐನ್ ಅಕ್ಷರದ ಸುತ್ತ ಇದ್ದ ಕಪ್ಪು ಹೋಗಿ, ಇಡೀ ಮೈಗೆ ಕೂದಲಿನಷ್ಟು ಸಣ್ಣ ಗೀಚು ಬಿತ್ತು, ಇವತ್ತಿಗೂ ಲ್ಯಾಂಪಿನ ಕೆಳಗೆ ಹಿಡಿದರೆ ಕಾಣುತ್ತದೆ. ಮಣ್ಣು ಹತ್ತಿದ್ದರೆ ಬರೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ, ಅಷ್ಟೇ.

ಹಿಡಿಯುವಾಗ ಅಂಚು ಹಿಡಿಯಿರಿ. ಮೆತ್ತನೆಯ ಪಿವಿಸಿ ಕವರಿನ ಆಲ್ಬಂ ಬೇಡವೇ ಬೇಡ, ನಮ್ಮ ಬೇಸಿಗೆಯ ಬಿಸಿಗೆ ಅದು ಬೆವರಿ ತಾಮ್ರದ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ರಟ್ಟಿನ ಚೌಕ ಹೋಲ್ಡರ್ ಒಳ್ಳೆಯದು. ಬಳ್ಳಾರಿ, ಸಂಡೂರು ಕಡೆ ಗಣಿ ಧೂಳು ಕಪಾಟಿನೊಳಗೂ ನುಗ್ಗುತ್ತದೆ, ಡಬ್ಬಿಗೆ ಮುಚ್ಚಳ ಬಿಗಿ ಇರಲಿ.

ಬೆಲೆ, ಮಾರಾಟ, ಮೋಸ

ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ರೂಪಾಯಿ ಅನ್ನುವ ವಿಡಿಯೋ ನಿಮಗೂ ಬಂದಿರುತ್ತದೆ. ಅದು 2012ರ ಸ್ಮರಣಾರ್ಥ ನಾಣ್ಯ, ಚಿಲ್ರೆಯಲ್ಲೇ ಸಿಗುತ್ತದೆ. ಹೀಗೆ ಆಸೆ ತೋರಿಸಿ "ಮೊದಲು ನೋಂದಣಿ ಶುಲ್ಕ ಕಟ್ಟಿ" ಅಂತ ಫೋನ್ ಮಾಡುತ್ತಾರೆ. ಹಳೆ ನಾಣ್ಯ ಕೊಳ್ಳುವ, ಮಾರುವ, ಕಮಿಷನ್ ಕೇಳುವ ಯಾವ ವ್ಯವಹಾರವೂ ತನ್ನದಲ್ಲ ಅಂತ ಆರ್‌ಬಿಐ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಮಾರುವವನು ನೀವಾಗಿದ್ದಾಗ ದುಡ್ಡು ಕೊಡಬೇಕಾದವರು ನೀವಲ್ಲ, ಅಲ್ವಾ.

ಮಾರಲೇಬೇಕಿದ್ದರೆ ಎರಡೂ ಮುಖದ ಫೋಟೋ, ಅಂಚಿನ ಫೋಟೋ, ತಕ್ಕಡಿ ಮೇಲೆ ತೂಕ ಕಾಣುವ ಫೋಟೋ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಲಿ, ಮೇಲಿಂದ ಬಿದ್ದರೆ ಉಬ್ಬುತಗ್ಗು ಗೊತ್ತಾಗುವುದಿಲ್ಲ. ಕೊಳ್ಳುವಾಗಲೂ ಇದೇ ನಾಲ್ಕು ಫೋಟೋ ಕೇಳಿ. ಅಂಚಿನ ಫೋಟೋ ಕೊಡಲು ಹಿಂದೆಮುಂದೆ ನೋಡುವವರಿಂದ ನಾನು ಕೊಳ್ಳುವುದಿಲ್ಲ.

ನೋಟ್‌ಬುಕ್

ಕೊನೆಯದಾಗಿ ಇದು, ಆದರೆ ಮೊದಲ ದಿನದಿಂದಲೇ ಬರೆಯಬೇಕು. ನನ್ನ ಪುಸ್ತಕದಲ್ಲಿ ಆ ಕಚ್ಚಿದ ರೂಪಾಯಿಯ ಸಾಲು ಹೀಗಿದೆ: "1 ರೂ., ನಕ್ಷತ್ರ, ಹೈದರಾಬಾದ್. ತೂಕ 3.52, ಇರಬೇಕಾದದ್ದು 3.79. ಅಯಸ್ಕಾಂತಕ್ಕೆ ಅಂಟುತ್ತದೆ. ತಿರುಗಿಸಿದರೆ ನೆಟ್ಟಗೆ. ಅಂಚಿನಲ್ಲಿ ಅರ್ಧಚಂದ್ರ, ಎದುರು ಅಂಚು ಮಂಕು, ಅಕ್ಷರ ಹರಿದಿದೆ. ಬಿಲ್ಲೆಯ ತಪ್ಪು. ಬಳ್ಳಾರಿ ಬಸ್‌ಸ್ಟ್ಯಾಂಡ್, ಚಹಾ ಅಂಗಡಿ ಚಿಲ್ರೆ. ಕೊಟ್ಟದ್ದು: 1 ರೂ." ಅದರ ಕೆಳಗಿನ ಸಾಲಿನಲ್ಲಿ ನಡು ಇಲ್ಲದ ಹತ್ತು ರೂಪಾಯಿ ಇದೆ, ಕೊಟ್ಟದ್ದು 400, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ತಟ್ಟಿ ತೆಗೆದದ್ದು" ಅಂತ ಬರೆದಿದ್ದೇನೆ. ಅದನ್ನು ಬಿಸಾಡಿಲ್ಲ, ಹೊಸಬರು ಮನೆಗೆ ಬಂದಾಗ ಮೊದಲು ತೋರಿಸುವುದು ಅದನ್ನೇ.